ಸೋತ ಮೇಲೆಯೇ ಯಾಕೆ ಇನ್ನೊಂದು ಆಟ ಬೇಕು ಅನ್ನಿಸುತ್ತದೆ? (ಚೆಸ್ ಹುಚ್ಚಿನವರು ಬನ್ನಿ)

ಬದಿಯಡ್ಕದ_ಒಂಟೆ

ಚೆಸ್ ಆಡುವವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೆ ಇಲ್ಲೇ ಕೇಳುತ್ತೇನೆ. ನಾನು ಕಾಲೇಜಿನಿಂದ ಆಡುವವ. ಮಂಗಳೂರು, ಕಣ್ಣೂರು ಕಡೆ ರೇಟೆಡ್ ಟೂರ್ನಮೆಂಟ್ ಇದ್ದರೆ ಹೋಗುತ್ತೇನೆ, ಓಪನಿಂಗ್ ಓದುತ್ತೇನೆ, ಎಂಡ್‌ಗೇಮ್ ಕಲಿಯುತ್ತೇನೆ. ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ರಾತ್ರಿಯ ಆಟದ ಬಗ್ಗೆ. ಅಂಗಡಿ ಮುಚ್ಚಿ, ಊಟ ಆಗಿ, ಮಲಗುವ ಮೊದಲು ಸುಮ್ನೆ ಮೂರು ನಿಮಿಷದ ಒಂದು ಬ್ಲಿಟ್ಸ್ ಅಂತ ಫೋನ್ ತೆಗೆಯುತ್ತೇನೆ. ಗೆದ್ದ ದಿನ ಕೆಳಗಿಡಲು ಆಗುತ್ತದೆ. ಸೋತ ದಿನ ಆಗುವುದಿಲ್ಲ. ಖುಷಿ ಕೊಟ್ಟದ್ದನ್ನು ಮತ್ತೆ ಮತ್ತೆ ಮಾಡಬೇಕು ಅನ್ನಿಸಿದರೆ ಅರ್ಥ ಇದೆ. ಇಲ್ಲಿ ಉಲ್ಟಾ. ಮಂತ್ರಿಯನ್ನು ಪುಕ್ಕಟೆ ಕೊಟ್ಟು ಸೋತು ಹೊಟ್ಟೆ ಉರಿಯುತ್ತಾ ಇರುವಾಗಲೇ ಬೆರಳು ಹೋಗಿ ಹೊಸ ಆಟ ಒತ್ತಿ ಆಗಿರುತ್ತದೆ.

ನಮ್ಮ ಕಡೆ ಇದನ್ನು ಚಟ ಅಂತ ಯಾರೂ ಒಪ್ಪುವುದೂ ಇಲ್ಲ. ಕೋಳಿ ಅಂಕಕ್ಕೆ ಹೋದರೆ ಬೈಗುಳ, ಇಸ್ಪೀಟಿಗೆ ಕೂತರೆ ಬೈಗುಳ. ಚೆಸ್ ಅಂದರೆ "ತಲೆ ಚುರುಕಾಗ್ತದೆ, ಆಡ್ಲಿ ಬಿಡು". ಅಮ್ಮ ರಾತ್ರಿ ಒಂದು ಗಂಟೆಗೆ ನೀರು ಕುಡಿಯಲು ಎದ್ದವರು ನನ್ನ ಸ್ಕ್ರೀನ್ ನೋಡಿ, ಚೆಸ್ಸಾ, ಸರಿ ಅಂತ ಹೇಳಿ ಹೋದರು!

ಬಿಡುವುದು ಹೇಗೆ ಅಂತ ನಾನು ಕೇಳುತ್ತಿಲ್ಲ. ಉಪದೇಶ ಬೇಡ ಮಾರಾಯ್ರೆ. ಯಾಕೆ ಹೀಗೆ ಎಳೆಯುತ್ತದೆ ಅಂತ ಮಾತ್ರ ಬೇಕು.

ಅಡಿಕೆ_ಸುಲಿಯುವವ

ನನಗೆ ಗೊತ್ತಿರುವ ಉತ್ತರ ಒಂದೇ. ಇಸ್ಪೀಟಿನಲ್ಲಿ ಸೋತರೆ ಎಲೆ ಬರಲಿಲ್ಲ ಅನ್ನಬಹುದು. ಕ್ರಿಕೆಟ್ಟಿನಲ್ಲಿ ಅಂಪೈರ್ ಇದ್ದಾನೆ, ಪಿಚ್ ಇದೆ, ಕ್ಯಾಚ್ ಬಿಟ್ಟ ಭಾವ ಇದ್ದಾನೆ. ವಾಲಿಬಾಲಿನಲ್ಲಿ ಪಾಸ್ ಕೊಟ್ಟವನಿಗೆ ಬೈಯಬಹುದು. ಚೆಸ್ಸಿನಲ್ಲಿ ದಾಳ ಇಲ್ಲ, ಎಲೆ ಇಲ್ಲ, ಇಬ್ಬರಿಗೂ ಹದಿನಾರು ಹದಿನಾರು ಕಾಯಿ, ಎಲ್ಲ ಕಣ್ಣೆದುರಿಗೇ ಇದೆ. ಸೋತರೆ ನೀನೇ ದಡ್ಡ. ಅದನ್ನು ತಲೆದಿಂಬಿಗೆ ಒರಗಿಸಿಕೊಂಡು ಯಾರು ಮಲಗುತ್ತಾರೆ? ದಡ್ಡ ಅಲ್ಲ ಅಂತ ಸಾಬೀತು ಮಾಡಿಯೇ ಮಲಗಬೇಕು.

ಕಪ್ಪು ಕಾಯಿ ಸಿಕ್ಕಿತು ಅನ್ನುವ ನೆಪ ಒಂದು ಇದೆ. ಅದು ಎರಡು ಆಟಕ್ಕಿಂತ ಜಾಸ್ತಿ ಬಾಳುವುದಿಲ್ಲ.

ನೀರ್ಚಾಲಿನ_ನಿಧಾನಿ

ಮೇಲಿನವರು ಹೇಳಿದ್ದು ಸರಿ, ಆದರೆ ಅರ್ಧ. ನಾನು ಓದಿದ್ದು ಮನಶ್ಶಾಸ್ತ್ರ, ಆಡುವುದು ತೀರಾ ಸಾಧಾರಣ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಮೊದಲು ಆ ರೇಟಿಂಗ್ ನಂಬರ್ ನೋಡಿ, ಯಾರು ಎಷ್ಟು ಚೆನ್ನಾಗಿ ಆಡುತ್ತಾರೆ ಅಂತ ಹೇಳುವ ನಂಬರ್. ಅರ್ಪಾದ್ ಎಲೋ ಅಂತ ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು ಮಾಡಿದ ಲೆಕ್ಕ ಅದು. ಫಿಡೆ, ಅಂದರೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ, ಅದನ್ನು 1970ರಲ್ಲಿ ಒಪ್ಪಿಕೊಂಡಿತು. ಗೆದ್ದರೆ ಒಂದು ಪಾಯಿಂಟ್, ಡ್ರಾ ಆದರೆ ಅರ್ಧ ಅಂತ ಇಟ್ಟುಕೊಳ್ಳಿ. ಇಬ್ಬರ ರೇಟಿಂಗ್ ಸಮ ಇದ್ದರೆ ಇಬ್ಬರಿಗೂ ಅರ್ಧರ್ಧ ಪಾಯಿಂಟಿನ ನಿರೀಕ್ಷೆ. 200 ಜಾಸ್ತಿ ಇದ್ದವನು ನೂರಕ್ಕೆ ಸುಮಾರು 76 ಪಾಯಿಂಟ್ ತೆಗೆಯಬೇಕು, 400 ಜಾಸ್ತಿ ಇದ್ದರೆ ಸುಮಾರು 91. ಆನ್‌ಲೈನಿನಲ್ಲಿ ಓಡುವುದು ಇದರದ್ದೇ ಸುಧಾರಿಸಿದ ರೂಪಗಳು. ಈಗ ಯೋಚಿಸಿ, ಆ್ಯಪ್ ನಿಮಗೆ ಯಾರನ್ನು ಹುಡುಕಿ ಕೊಡುತ್ತದೆ? ನಿಮ್ಮಷ್ಟೇ ರೇಟಿಂಗ್ ಇರುವವನನ್ನು. ಅಂದರೆ ನೀವು 900 ಇರುವಾಗಲೂ ಅರ್ಧಕ್ಕರ್ಧ ಸೋಲುತ್ತೀರಿ, ಎರಡು ವರ್ಷ ಕಷ್ಟಪಟ್ಟು 1700ಕ್ಕೆ ಹೋದ ಮೇಲೂ ಅರ್ಧಕ್ಕರ್ಧ ಸೋಲುತ್ತೀರಿ. ಎಷ್ಟು ಕಲಿತರೂ ಸೋಲು ಕಡಿಮೆ ಆಗುವುದಿಲ್ಲ. ಸೋಲಿಸುವವನು ಬದಲಾಗುತ್ತಾನೆ, ಅಷ್ಟೆ. ನನ್ನ ಪ್ರಕಾರ ಇದಕ್ಕಿಂತ ಗಟ್ಟಿಯಾದ ಗಾಳ ಇಲ್ಲ. ಯಾವಾಗ ಗೆಲುವು ಸಿಗುತ್ತದೆ ಅಂತ ಗೊತ್ತಿಲ್ಲದಿದ್ದರೆ ಪ್ರಾಣಿಗಳು ಗುಂಡಿ ಒತ್ತುವುದನ್ನು ಬಿಡುವುದೇ ಇಲ್ಲ ಅಂತ ಸ್ಕಿನ್ನರ್ ಇಲಿ, ಪಾರಿವಾಳ ಇಟ್ಟುಕೊಂಡು ತೋರಿಸಿದ್ದರು. ಪ್ರತಿಸಲ ಕಾಳು ಬಂದರೆ ಬೇಗ ಬಿಡುತ್ತವೆ. ಕೆಲವೊಮ್ಮೆ ಮಾತ್ರ ಬಂದರೆ ಒತ್ತುತ್ತಲೇ ಇರುತ್ತವೆ.

ಎರಡನೆಯದು, ನಷ್ಟದ ನೋವು. ನೂರು ರೂಪಾಯಿ ಸಿಕ್ಕಿದ ಖುಷಿಗಿಂತ ನೂರು ರೂಪಾಯಿ ಬಿದ್ದುಹೋದ ಬೇಸರ ದೊಡ್ಡದು ಅನ್ನುವುದನ್ನು ಕಾನ್‌ಮನ್ ಮತ್ತು ಟ್ವರ್ಸ್ಕಿ 1979ರಲ್ಲಿ ಬರೆದರು. ರೇಟಿಂಗಿನಲ್ಲಿ ಎಂಟು ಪಾಯಿಂಟ್ ಹೋದದ್ದು ಎಂಟು ಪಾಯಿಂಟ್ ಬಂದದ್ದಕ್ಕಿಂತ ಭಾರ. ಅದನ್ನು ವಾಪಸ್ ತರದೆ ನಿದ್ದೆ ಬರುವುದಿಲ್ಲ. ತರಲು ಹೋದಾಗ ತಲೆ ಬಿಸಿ ಇರುತ್ತದೆ, ಇನ್ನಷ್ಟು ಹೋಗುತ್ತದೆ. ಆಟಗಾರರು ಟಿಲ್ಟ್ ಅನ್ನುವುದು ಇದಕ್ಕೇ.

ಬದಿಯಡ್ಕದ_ಒಂಟೆ

@ನೀರ್ಚಾಲಿನ_ನಿಧಾನಿ ಸೋಲಿಸುವವನು ಮಾತ್ರ ಬದಲಾಗುತ್ತಾನೆ ಅಂದದ್ದು ಸರಿಯಾಗಿ ತಾಗಿತು. ಆದರೆ ಒಂದು ಸಂಶಯ. ಇದು ಇಷ್ಟೇ ಆಗಿದ್ದರೆ ಲೂಡೋ ಆ್ಯಪ್ ಕೂಡ ಇಷ್ಟೇ ಎಳೆಯಬೇಕಿತ್ತು. ಲೂಡೋ ಆಡಿ ಮಲಗಿದವನಿಗೆ ಕಣ್ಣು ಮುಚ್ಚಿದರೆ ಬೋರ್ಡಿನ ಮನೆಗಳು ಕಾಣುವುದಿಲ್ಲ. ನನಗೆ ಕಾಣುತ್ತದೆ. ನಮ್ಮ ಹಾಲ್‌ನಲ್ಲಿ ಕಪ್ಪು ಬಿಳಿ ಟೈಲ್ಸ್ ಹಾಕಿದ್ದಾರೆ. ಯಾರಾದರೂ ನೆಂಟರು ಮಾತಾಡುತ್ತಾ ಕೂತರೆ ನನ್ನ ಕಣ್ಣು ಸೋಫಾದ ಕಾಲಿನಿಂದ ಕುದುರೆ ಹಾರಿಸುತ್ತಾ ಟಿವಿ ಸ್ಟ್ಯಾಂಡ್ ತನಕ ಹೋಗಿರುತ್ತದೆ. ಎರಡು ಮುಂದೆ ಒಂದು ಪಕ್ಕ. ಆಮೇಲೆ "ಹೌದಾ" ಅನ್ನುತ್ತೇನೆ, ಯಾವುದಕ್ಕೆ ಅಂತ ನನಗೇ ಗೊತ್ತಿರುವುದಿಲ್ಲ.

ನೀರ್ಚಾಲಿನ_ನಿಧಾನಿ

ಒಳ್ಳೆಯ ಪ್ರಶ್ನೆ. ಅದಕ್ಕೆ ಡಿ ಗ್ರೂಟ್ ಬೇಕು. ಡಚ್ ಮನಶ್ಶಾಸ್ತ್ರಜ್ಞ, ಸ್ವತಃ ಒಳ್ಳೆಯ ಆಟಗಾರ. ದೊಡ್ಡ ಆಟಗಾರರು ನಮಗಿಂತ ತುಂಬಾ ಜಾಸ್ತಿ ನಡೆ ಮುಂದೆ ಎಣಿಸುತ್ತಾರೆ ಅಂತ ಎಲ್ಲರೂ ನಂಬಿದ್ದರು. ಅವರು 1940ರ ದಶಕದಲ್ಲಿ ಕೂರಿಸಿ ನೋಡಿದರೆ ಹಾಗೇನೂ ಇಲ್ಲ, ಎಣಿಕೆಯಲ್ಲಿ ದೊಡ್ಡ ಅಂತರ ಸಿಗಲಿಲ್ಲ. ಅಂತರ ಇದ್ದದ್ದು ನೋಟದಲ್ಲಿ. ಕೆಲವೇ ಸೆಕೆಂಡು ಬೋರ್ಡ್ ತೋರಿಸಿ ಮುಚ್ಚಿದರೆ ಮಾಸ್ಟರ್ ಹೆಚ್ಚುಕಡಿಮೆ ಎಲ್ಲ ಕಾಯಿಗಳನ್ನೂ ವಾಪಸ್ ಇಡುತ್ತಿದ್ದ. 1973ರಲ್ಲಿ ಚೇಸ್ ಮತ್ತು ಸೈಮನ್ ಒಂದು ಕಿತಾಪತಿ ಮಾಡಿದರು, ಕಾಯಿಗಳನ್ನು ತಲೆಬುಡ ಇಲ್ಲದೆ ಎಲ್ಲೆಂದರಲ್ಲಿ ಇಟ್ಟು ತೋರಿಸಿದರು. ಮಾಸ್ಟರನ ಹೆಚ್ಚುಗಾರಿಕೆ ಹೆಚ್ಚುಕಡಿಮೆ ಮಾಯ! ಅಂದರೆ ಅವನ ನೆನಪಿನ ಶಕ್ತಿ ನಮ್ಮದೇ, ಆದರೆ ಆಡಿ ಆಡಿ ಕಾಯಿಗಳು ಅವನಿಗೆ ಒಂದೊಂದಾಗಿ ಕಾಣುವುದಿಲ್ಲ, ಗುಂಪಾಗಿ ಕಾಣುತ್ತವೆ.

ಲೂಡೋದಲ್ಲಿ ಹೀಗೆ ಕಣ್ಣು ಬದಲಾಗುವುದಿಲ್ಲ. ಚೆಸ್ ಕಲಿತವನ ನೋಟವನ್ನೇ ಬೇರೆ ಮಾಡಿಬಿಡುತ್ತದೆ. ಹಾಗೆ ಬದಲಾದ ಕಣ್ಣಿಗೆ ಕೆಲಸ ಬೇಕಲ್ಲ, ಟೈಲ್ಸ್ ಸಿಕ್ಕಿದರೆ ಟೈಲ್ಸ್.

ಕುಂಬಳೆ_ಕಾಲಾಳು

ಟೈಲ್ಸಿನ ವಿಷಯ ಬಂತಲ್ಲ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಇದೇ ಹುಚ್ಚು. ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಹಾರಿಸುವ ಬಂಧಗಳನ್ನು ರಚಿಸಿದವರು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು, 1868ರ ತನಕ ಬದುಕಿದರು. ರಾಜ್ಯ ಆಳುವ ಕೆಲಸ ಇಲ್ಲದ ರಾಜ ಅಷ್ಟು ವರ್ಷ ಎಂತ ಮಾಡುವುದು? ಸಾಹಿತ್ಯ, ಸಂಗೀತ, ಚದುರಂಗ. ನಾನಂತೂ ಇದನ್ನು ಚಟ ಅನ್ನುವುದಿಲ್ಲ.

ತಲಪಾಡಿ_ಟೋಲ್

ಚಟ ಅಲ್ಲ, ಹುಚ್ಚೇ. ಸುಮ್ನೆ ಗೂಗಲ್ ಮಾಡಿ. ಅಮೆರಿಕದ ಮಾರ್ಫಿ, 1858ರಲ್ಲಿ ಪ್ಯಾರಿಸ್ಸಿಗೆ ಹೋಗಿ ಆಗಿನ ದೊಡ್ಡ ಆಟಗಾರ ಆಂಡರ್ಸನ್‌ನನ್ನು ಸೋಲಿಸಿದವ, ಕೊನೆಗೆ ಎಲ್ಲರ ಮೇಲೂ ಸಂಶಯ, 47ಕ್ಕೆ ಸತ್ತ. ಸ್ಟೈನಿಟ್ಸ್, ಮೊದಲ ವಿಶ್ವ ಚಾಂಪಿಯನ್, 1900ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಯಾಗಿ ಸತ್ತ. ಇನ್ನೊಬ್ಬ ದೊಡ್ಡ ಆಟಗಾರ ರೂಬಿನ್‌ಸ್ಟೈನ್ ಜನರನ್ನು ಕಂಡರೆ ಹೆದರುತ್ತಿದ್ದ. ವಿಶ್ವ ಚಾಂಪಿಯನ್ ಆಗಿದ್ದ ಫಿಷರ್ ತಲೆ ಕೆಟ್ಟ ಕಥೆ ಎಲ್ಲರಿಗೂ ಗೊತ್ತು. 64 ಮನೆಯೊಳಗೆ ಜಾಸ್ತಿ ಹೊತ್ತು ಕೂತರೆ ಇದೇ ಗತಿ.

ಪೈವಳಿಕೆ_ಮೇಷ್ಟ್ರು

@ತಲಪಾಡಿ_ಟೋಲ್ ಈ ಪಟ್ಟಿ ಎಲ್ಲ ಕಡೆ ಬರುತ್ತದೆ. ಒಂದು ಸಂಗತಿ ಗಮನಿಸಿ. ಮಾರ್ಫಿ 1859ರಲ್ಲಿ ಊರಿಗೆ ಬಂದ ಮೇಲೆ ಗಂಭೀರ ಆಟ ಹೆಚ್ಚುಕಡಿಮೆ ಬಿಟ್ಟೇಬಿಟ್ಟ. ಅವನ ಮನಸ್ಸು ಕೆಟ್ಟದ್ದು ಆಮೇಲೆ. ಫಿಷರ್ 1972ರಲ್ಲಿ ರೇಕ್ಯಾವಿಕ್‌ನಲ್ಲಿ ಸ್ಪಾಸ್ಕಿಯನ್ನು ಸೋಲಿಸಿದ ಮೇಲೆ 20 ವರ್ಷ ಒಂದೇ ಒಂದು ಸ್ಪರ್ಧೆಯ ಆಟ ಆಡಲಿಲ್ಲ, 1975ರಲ್ಲಿ ಕಾರ್ಪೋವ್ ಜೊತೆ ಕೂರದೆ ವಿಶ್ವ ಚಾಂಪಿಯನ್ ಪಟ್ಟ ಬಿಟ್ಟುಕೊಟ್ಟ. ಇವರಿಬ್ಬರೂ ಅತಿಯಾಗಿ ಆಡಿದ್ದಕ್ಕೆ ಹಾಳಾದವರು ಅಂತ ಹೇಗೆ ಹೇಳುತ್ತೀರಿ? ಆಡುತ್ತಿದ್ದಷ್ಟು ದಿನ ಬೋರ್ಡು ಅವರನ್ನು ಹಿಡಿದು ನಿಲ್ಲಿಸಿತ್ತೋ ಏನೋ, ಯಾರಿಗೆ ಗೊತ್ತು. 1931ರಲ್ಲಿ ಫ್ರಾಯ್ಡ್ ಶಿಷ್ಯ ಅರ್ನೆಸ್ಟ್ ಜೋನ್ಸ್, ಮಾರ್ಫಿ ರಾಜನನ್ನು ಕಟ್ಟಿಹಾಕುವುದರಲ್ಲಿ ಅಪ್ಪನ ಮೇಲಿನ ಸಿಟ್ಟು ಇದೆ ಅಂತ ಬರೆದಿದ್ದರು. ಓದಲು ಮಜಾ ಇದೆ, ನಂಬಲು ಕಷ್ಟ. ಆನಂದ್, ಕಾರ್ಪೋವ್, ಕಾಸ್ಪರೋವ್ ಎಲ್ಲ ಅವರಷ್ಟೇ ಆಡಿದವರು, ಅವರ ಹೆಸರು ಈ ಪಟ್ಟಿಯಲ್ಲಿ ಯಾಕಿಲ್ಲ?

ನಾನು ಮಕ್ಕಳನ್ನು ಟೂರ್ನಮೆಂಟಿಗೆ ಕರೆದುಕೊಂಡು ಹೋಗುವವನು. ನಾನು ಕಂಡದ್ದನ್ನು ಹೇಳುತ್ತೇನೆ. ಕಳೆದ ಸಲ ಕಣ್ಣೂರು ಕಡೆ ಒಂದು ಆಟಕ್ಕೆ ಹೋಗಿದ್ದೆವು. ನಮ್ಮ ಏಳನೆಯ ಕ್ಲಾಸಿನ ಹುಡುಗ ಗೆಲ್ಲುವ ಆಟ ಸೋತ. ಆನೆ ಎತ್ತಬೇಕಾದಲ್ಲಿ ರಾಜನನ್ನು ಮುಟ್ಟಿಬಿಟ್ಟ, ಮುಟ್ಟಿದ ಕಾಯಿಯನ್ನೇ ನಡೆಸಬೇಕಲ್ಲ. ಸಹಿ ಹಾಕಿ ಹೊರಗೆ ಬಂದ, ಅಳಲಿಲ್ಲ. ಜಗಲಿಯಲ್ಲಿ ಚೀಲದಿಂದ ರೆಕ್ಸಿನ್ ಬೋರ್ಡ್ ತೆಗೆದು ಬಿಡಿಸಿದ. ಅದೇ ಜಾಗಕ್ಕೆ ಕಾಯಿಗಳನ್ನು ಜೋಡಿಸಿದ. ಆನೆ ಎತ್ತಿದ, ಸರಿಯಾದ ಮನೆಯಲ್ಲಿ ಇಟ್ಟ, ಮತ್ತೆ ತೆಗೆದ, ಮತ್ತೆ ಇಟ್ಟ. ಪೊರೋಟ ತಂದು ಕೊಟ್ಟರೆ ಪಕ್ಕಕ್ಕೆ ಸರಿಸಿದ. ಸ್ವಲ್ಪ ಹೊತ್ತಿಗೆ ಅವನನ್ನು ಸೋಲಿಸಿದ ಹುಡುಗ, ಪಯ್ಯನ್ನೂರು ಕಡೆಯವನು, ಬಂದು ಎದುರಿಗೆ ಕೂತ. ಅವನಿಗೆ ಕನ್ನಡ ಬಾರದು, ಇವನ ಮಲಯಾಳ ಅಷ್ಟಕ್ಕಷ್ಟೇ. ಇಬ್ಬರೂ ಬೆರಳಿನಲ್ಲೇ ಮಾತಾಡಿದರು. ಇಲ್ಲಿ ಹೀಗೆ ಹೋಗಿದ್ದರೆ? ಇಲ್ಲ, ಹೀಗೆ ಬರುತ್ತಿದ್ದೆ. ಅರ್ಧ ಗಂಟೆಯಲ್ಲಿ ನಮ್ಮವನು ನಗುತ್ತಾ ಇದ್ದ, ಪೊರೋಟ ಇಬ್ಬರೂ ತಿಂದರು.

@ಬದಿಯಡ್ಕದ_ಒಂಟೆ ನಿಮ್ಮ ರಾತ್ರಿಯ ಆಟದಲ್ಲಿ ಇಲ್ಲದ್ದು ಇದು. ಎದುರಿನವನು ಆಟ ಮುಗಿದ ಕೂಡಲೇ ಮಾಯ. ಸೋತದ್ದು ಅರಗುವ ಮೊದಲೇ ಮುಂದಿನ ಆಟದ ಗಡಿಯಾರ ಶುರು. ಆ ಸೋಲು ಹಲ್ಲಿನ ಸಂದಿಗೆ ಸಿಕ್ಕಿದ ಮಾವಿನ ನಾರಿನ ಹಾಗೆ, ನಾಲಗೆ ಅಲ್ಲಿಗೇ ಹೋಗುತ್ತಾ ಇರುತ್ತದೆ.

ಅಡಿಕೆ_ಸುಲಿಯುವವ

ಮೇಷ್ಟ್ರೇ, ಟೂರ್ನಮೆಂಟಿಗೆ ಬರುವ ಮಕ್ಕಳ ಅಪ್ಪಂದಿರ ಬಗ್ಗೆ ಬರೆಯಲಿಲ್ಲ ನೀವು.

ಪೈವಳಿಕೆ_ಮೇಷ್ಟ್ರು

ಬರೆದರೆ ಗಲಾಟೆ ಆಗುತ್ತದೆ ಅಂತ ಬಿಟ್ಟದ್ದು. ಆದರೂ ಹೇಳುತ್ತೇನೆ. ಚೆಸ್ ಚಟ ಹಿಡಿದವರನ್ನು ನೋಡಬೇಕಾದರೆ ಟೂರ್ನಮೆಂಟ್ ಹಾಲ್‌ನ ಹೊರಗೆ ನೋಡಿ. 18 ವರ್ಷದ ಒಳಗಿನವರಿಗೆ, ರೇಟಿಂಗ್ 2300ಕ್ಕಿಂತ ಕೆಳಗಿದ್ದರೆ, ಫಿಡೆ ಲೆಕ್ಕದಲ್ಲಿ ಕೆ ಅನ್ನುವ ಸಂಖ್ಯೆ 40. ಅಂದರೆ ಸಮಬಲದವನ ಎದುರು ಒಂದು ಆಟ ಸೋತರೆ 20 ಪಾಯಿಂಟ್ ಹೋಗುತ್ತದೆ, ಗೆದ್ದರೆ 20 ಬರುತ್ತದೆ. ಮಕ್ಕಳು ಬೇಗ ಬೆಳೆಯುತ್ತಾರೆ, ನಂಬರೂ ಬೇಗ ಓಡಲಿ ಅಂತ ಹಾಗೆ ಇಟ್ಟದ್ದು. ಅಪ್ಪಂದಿರಿಗೆ ಅದು ಷೇರು ಮಾರುಕಟ್ಟೆ ಆಗಿದೆ. ಮಗು ಹೊರಗೆ ಬರುವ ಮೊದಲೇ ಮೊಬೈಲಿನಲ್ಲಿ ಲೆಕ್ಕ ಹಾಕಿ ಆಗಿರುತ್ತದೆ. ವಾಪಸ್ ಬರುವ ರೈಲಿನಲ್ಲಿ ಕಾಞಂಗಾಡ್ ದಾಟುವ ತನಕ ಮೊಬೈಲಿನಲ್ಲಿ ಸ್ಟಾಕ್‌ಫಿಶ್ ಅನ್ನುವ ಚೆಸ್ ಎಂಜಿನ್ (ಯಾರು ಎಷ್ಟು ಮುಂದಿದ್ದಾರೆ ಅಂತ ಲೆಕ್ಕ ಹೇಳುವ ಪ್ರೋಗ್ರಾಂ) ಇಟ್ಟು ಬೈಗುಳ. "ಇಲ್ಲಿ ಪ್ಲಸ್ ಮೂರು ಇತ್ತು, ನಿನಗೆ ಕಾಣಲಿಲ್ವಾ?" ಸ್ಟಾಕ್‌ಫಿಶ್ ಕೈಯಲ್ಲಿದ್ದರೆ ಎಲ್ಲರೂ ಗ್ರ್ಯಾಂಡ್‌ಮಾಸ್ಟರ್!

ಉಪ್ಪಳ_ರೈಲ್ವೆಗೇಟ್

ಇಷ್ಟು ಹೊತ್ತು ಓದಿದೆ. ಎಲ್ಲ ಗಂಡಸರೇ ಬರೆಯುತ್ತಿದ್ದೀರಿ ಅನ್ನಿಸುತ್ತದೆ. ನನ್ನ ಗಂಡನೂ ಆಡುತ್ತಾರೆ, ನಾನೂ ಶಾಲೆಯಲ್ಲಿ ಸಬ್‌ಜಿಲ್ಲೆ ತನಕ ಆಡಿದವಳು. ಅವರು ರಾತ್ರಿ ಆಡಿದರೆ ಅದಕ್ಕೆ ಚಟ, ಮನೋವಿಜ್ಞಾನ, ಡಿ ಗ್ರೂಟ್ ಎಲ್ಲ ಬರುತ್ತದೆ. ನಾನು ಆಟ ನಿಲ್ಲಿಸಿದ್ದಕ್ಕೆ ಯಾರೂ ಕಾರಣ ಹುಡುಕಲಿಲ್ಲ. ಪ್ಲಸ್ ಟೂ ಆದ ಮೇಲೆ ಎರಡು ದಿನದ ಟೂರ್ನಮೆಂಟಿಗೆ ಯಾರು ಜೊತೆಗೆ ಬರುತ್ತಾರೆ ಅನ್ನುವ ಪ್ರಶ್ನೆಗೇ ಆಟ ಮುಗಿಯಿತು. ಚಟ ಹಿಡಿಯಲೂ ಬಿಡುವು ಬೇಕು ಸ್ವಾಮಿ. ಬೆಳಿಗ್ಗೆ ಆರಕ್ಕೆ ಚಟ್ನಿ ರುಬ್ಬುವವರು ಬೇರೆ ಇದ್ದರೆ ರಾತ್ರಿ ಎರಡರ ತನಕ ಟಿಲ್ಟ್ ಆಗಬಹುದು.

ಆಟದ ಸೆಳೆತ ಇಲ್ಲ ಅನ್ನುತ್ತಿಲ್ಲ. ಇದೆ. ಈಗಲೂ ಪೇಪರಿನಲ್ಲಿ ಚೆಸ್ ಪಜಲ್ ಕಂಡರೆ ಒಲೆಯ ಮೇಲೆ ಹಾಲು ಇಟ್ಟದ್ದು ಮರೆಯುತ್ತೇನೆ. ಆದರೆ ಸೆಳೆತ ಇದ್ದವರೆಲ್ಲ ಮುಳುಗಲೇಬೇಕು ಅಂತ ಇಲ್ಲ. ಕೊನೇರು ಹಂಪಿ 2002ರಲ್ಲಿ 15 ವರ್ಷಕ್ಕೆ ಗ್ರ್ಯಾಂಡ್‌ಮಾಸ್ಟರ್ ಆದವರು, ಮಗು ಆದಾಗ ಎರಡು ವರ್ಷದ ಹತ್ತಿರ ಆಟ ಬಿಟ್ಟು ಕೂತರು. ವಾಪಸ್ ಬಂದು 2019ರಲ್ಲಿ ಮಹಿಳೆಯರ ವಿಶ್ವ ರ‍್ಯಾಪಿಡ್ ಗೆದ್ದರು, 2024ರಲ್ಲಿ ಮತ್ತೆ ಗೆದ್ದರು. ಬೋರ್ಡ್ ಎಲ್ಲಿಗೂ ಓಡಿಹೋಗುವುದಿಲ್ಲ.

ಬದಿಯಡ್ಕದ_ಒಂಟೆ

@ಉಪ್ಪಳ_ರೈಲ್ವೆಗೇಟ್ ಚಟ್ನಿಯ ಮಾತು ನಮ್ಮ ಮನೆಯಲ್ಲಿ ಯಾರೂ ಓದದೆ ಇರಲಿ.

ತಲಪಾಡಿ_ಟೋಲ್

ಸರಿ, ಹುಚ್ಚಿನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಬಿಡಲು ಆಗದೆ ಒದ್ದಾಡುವುದು ದೊಡ್ಡವರಲ್ಲೂ ಇದೆ. 1984ರ ಕಾರ್ಪೋವ್–ಕಾಸ್ಪರೋವ್ ವಿಶ್ವ ಪಟ್ಟದ ಪಂದ್ಯ ನೋಡಿ. ಮೊದಲು ಆರು ಆಟ ಗೆದ್ದವನಿಗೆ ಪಟ್ಟ. ಕಾರ್ಪೋವ್ 5–0 ಮುಂದಿದ್ದ, ಇನ್ನು ಒಂದೇ ಒಂದು. ಆ ಒಂದು ಬರಲೇ ಇಲ್ಲ. ಸೆಪ್ಟೆಂಬರಿನಲ್ಲಿ ಶುರು ಆದದ್ದು ಫೆಬ್ರವರಿ ತನಕ ಹೋಯಿತು, 48 ಆಟ, ಅದರಲ್ಲಿ 40 ಡ್ರಾ. ಕೊನೆಗೆ ಕಾಸ್ಪರೋವ್ ಮೂರು ಗೆದ್ದಾಗ ಫಿಡೆಯೇ ಪಂದ್ಯ ನಿಲ್ಲಿಸಿತು. ಇನ್ನೊಂದೇ ಆಟ, ಇನ್ನೊಂದೇ ಆಟ ಅನ್ನುವುದು ನಮ್ಮ ಹಾಸಿಗೆಯಲ್ಲಿ ಮಾತ್ರ ಅಲ್ಲ, ಮಾಸ್ಕೋದಲ್ಲೂ ಇತ್ತು.

ಕುಂಬಳೆ_ಕಾಲಾಳು

ಈ ಚರ್ಚೆಯಲ್ಲಿ ಮರೊಟ್ಟಿಚ್ಚಾಲ್ ಬರಲೇ ಇಲ್ಲವಲ್ಲ, ಆಶ್ಚರ್ಯ. ನಮ್ಮದೇ ಕೇರಳದ ಊರು, ತೃಶ್ಶೂರು ಜಿಲ್ಲೆ. ಒಂದು ಕಾಲದಲ್ಲಿ ಕಳ್ಳಭಟ್ಟಿ, ಜೂಜು ಅಂತ ಹೆಸರು ಕೆಟ್ಟಿದ್ದ ಊರಂತೆ. ಅಲ್ಲಿನ ಒಬ್ಬರು ಚಹಾ ಅಂಗಡಿಯವರು ಬಂದವರಿಗೆಲ್ಲ ಚೆಸ್ ಕಲಿಸಿ ಕಲಿಸಿ ಊರಿಗೆ ಊರೇ ಬೋರ್ಡಿನ ಎದುರು ಕೂತಿತು. ಈಗ ಅದನ್ನು ಚೆಸ್ ಗ್ರಾಮ ಅಂತಲೇ ಕರೆಯುತ್ತಾರೆ. ಒಂದು ಚಟವನ್ನು ಇನ್ನೊಂದು ಚಟ ಓಡಿಸಿತು ಅಂತ ಹೇಳಬಹುದಾ?

ನೀರ್ಚಾಲಿನ_ನಿಧಾನಿ

ಹೇಳಬಹುದು, ಆದರೆ ಅವಸರ ಬೇಡ. ಆ ಚಹಾ ಅಂಗಡಿಗೆ ಬಾಗಿಲು ಇದೆ, ರಾತ್ರಿ ಮುಚ್ಚುತ್ತದೆ. ಎದುರಿಗೆ ಕೂತವನಿಗೆ ಮನೆಗೆ ಹೋಗಬೇಕು, ಅವನಿಗೂ ಹಸಿವಾಗುತ್ತದೆ. ನಮ್ಮ ಅಜ್ಜಿಮನೆಯಲ್ಲಿ ಚೆನ್ನೆಮಣೆ ಆಟಿ ತಿಂಗಳ ಮಳೆಗೆ ಮಾತ್ರ ಕೆಳಗೆ ಇಳಿಯುತ್ತಿತ್ತು, ತಿಂಗಳು ಮುಗಿದ ಮೇಲೆ ಅಟ್ಟಕ್ಕೆ. ಬೇರೆ ಕಾಲದಲ್ಲಿ ಕೇಳಿದರೆ ಅಜ್ಜಿ ಗದರುತ್ತಿದ್ದರು. ಗದ್ದೆ ಕೆಲಸ ಇರುವಾಗ ಗುಳಿಗೆ ಕಾಳು ಹಾಕುತ್ತಾ ಕೂತರೆ ಯಾರಿಗೂ ಆಗುವುದಿಲ್ಲ, ಅದಕ್ಕೇ ಇರಬೇಕು. ಆನ್‌ಲೈನ್ ಚೆಸ್ಸಿಗೆ ಆಟಿ ಮುಗಿಯುವುದೇ ಇಲ್ಲ. ನಿಮಗೆ ನಿದ್ದೆ ಬರುವಾಗ ಬ್ರೆಜಿಲಿನಲ್ಲಿ ಯಾರಿಗೋ ಸಂಜೆ ಆಗಿರುತ್ತದೆ.

ಪೈವಳಿಕೆ_ಮೇಷ್ಟ್ರು

ಗುಕೇಶ್ ಬಗ್ಗೆಯೂ ಒಂದು ಮಾತು. 2024ರ ಡಿಸೆಂಬರ್ 12, ಸಿಂಗಾಪುರ, ವಿಶ್ವ ಪಟ್ಟದ ಪಂದ್ಯದ 14ನೆಯ ಆಟ. ಡ್ರಾ ಆಗುವ ಜಾಗದಲ್ಲಿ ಡಿಂಗ್ ಲಿರೆನ್ ಆನೆಯನ್ನು ತಪ್ಪು ಮನೆಗೆ ತಂದ. ಹುಡುಗನ ಕಣ್ಣು ಅಗಲ ಆದದ್ದನ್ನು ಎಲ್ಲರೂ ನೋಡಿದ್ದೀರಿ. ಗೆದ್ದ ಮೇಲೆ ಅತ್ತ. ಅಳುತ್ತಾ ಅಳುತ್ತಾ ಕಾಯಿಗಳನ್ನು ಒಂದೊಂದಾಗಿ ಮೊದಲಿನ ಜಾಗಕ್ಕೆ ಜೋಡಿಸಿ ಇಟ್ಟ. ಆ ಪಂದ್ಯದಲ್ಲಿ ಮೊದಲ ಆಟವನ್ನೇ ಸೋತಿದ್ದ, 12ನೆಯದನ್ನೂ ಸೋತಿದ್ದ. ಸೋತ ರಾತ್ರಿ ಏನು ಮಾಡಬೇಕು ಅನ್ನುವುದಕ್ಕೆ ಅವನ ಜೊತೆಗೆ ಮನಸ್ಸಿನ ತರಬೇತಿ ಕೊಡುವ ಪ್ಯಾಡಿ ಅಪ್ಟನ್ ಇದ್ದರು, 2011ರಲ್ಲಿ ನಮ್ಮ ಕ್ರಿಕೆಟ್ ತಂಡದ ಜೊತೆ ಇದ್ದವರು. ಸೋಲನ್ನು ಹೊರುವುದು ಅಷ್ಟು ದೊಡ್ಡ ಕೆಲಸ, ಅದಕ್ಕೆ ಒಬ್ಬ ಮನುಷ್ಯನನ್ನೇ ಇಟ್ಟುಕೊಳ್ಳುತ್ತಾರೆ. ಇತ್ತ ಡಿಂಗ್ 2023ರಲ್ಲಿ ಪಟ್ಟ ಗೆದ್ದ ಮೇಲೆ ಖಿನ್ನತೆಯಿಂದ ಒದ್ದಾಡಿದವರು, ಅದನ್ನು ಬಾಯಿಬಿಟ್ಟೇ ಹೇಳಿದವರು. ಪಟ್ಟ ಸಿಕ್ಕಿದ ಕೂಡಲೇ ಮನಸ್ಸು ಸುಮ್ಮನಾಗುತ್ತದೆ ಅನ್ನುವುದು ಸುಳ್ಳು.

ಅಡಿಕೆ_ಸುಲಿಯುವವ

ನಮಗೆ ಅಪ್ಟನ್ ಬೇಡ. ಲಿಚೆಸ್ ಅನ್ನುವ ಆನ್‌ಲೈನ್ ಚೆಸ್ ತಾಣದಲ್ಲಿ ಝೆನ್ ಮೋಡ್ ಅಂತ ಒಂದು ಇದೆ, ಆಡುವಾಗ ರೇಟಿಂಗ್ ಎಲ್ಲ ಮರೆಯಾಗುತ್ತದೆ, ಬೋರ್ಡ್ ಮತ್ತು ಗಡಿಯಾರ ಮಾತ್ರ. ನಾನು ಅದನ್ನೇ ಹಾಕಿ ಆಡುವುದು. ಒಂದು ನಡೆಗೆ ಎರಡು ಮೂರು ದಿನ ಸಮಯ ಇರುವ ಆಟವೂ ಇದೆ. ತೋಟಕ್ಕೆ ಹೋಗುವ ಮೊದಲು ಒಂದು ನಡೆ, ಬಂದ ಮೇಲೆ ಇನ್ನೊಂದು. ಟಿಲ್ಟ್ ಆಗಲು ಅವಕಾಶವೇ ಇಲ್ಲ.

ಕುಂಬಳೆ_ಕಾಲಾಳು

ಅದರಲ್ಲಿ ಮಜಾ ಎಲ್ಲಿದೆ? ಎರಡು ಸೆಕೆಂಡ್ ಉಳಿದಿರುವಾಗ ಎದುರಿನವನ ಸಮಯ ಬೀಳಿಸುವುದಕ್ಕಾಗಿಯೇ ನಾನು ಆಡುವುದು. ನಂಬರ್ ಮುಚ್ಚಿ, ಗಡಿಯಾರ ಸಡಿಲ ಮಾಡಿ, ಎಲ್ಲ ತೆಗೆದ ಮೇಲೆ ಉಳಿದದ್ದು ಒಳ್ಳೆಯದು ಇರಬಹುದು, ನನಗೆ ಬೇಡ.

ಬದಿಯಡ್ಕದ_ಒಂಟೆ

ಎಲ್ಲ ಓದಿದೆ. ನನ್ನ ಮಟ್ಟಿಗೆ ಮೇಷ್ಟ್ರ ಮಾತೇ ಹತ್ತಿರ ಅನ್ನಿಸಿತು. ಟೂರ್ನಮೆಂಟಿನಲ್ಲಿ ಇದಕ್ಕಿಂತ ಕೆಟ್ಟದಾಗಿ ಸೋತ ದಿನಗಳಿವೆ, ಆದರೆ ಅವತ್ತು ರಾತ್ರಿ ನಿದ್ದೆ ಬರುತ್ತದೆ, ಯಾಕೆಂದರೆ ಎದುರಾಳಿಯ ಜೊತೆ ಕೂತು ಮಾತಾಡಿ ಆಗಿರುತ್ತದೆ. ಆದರೆ @ಕುಂಬಳೆ_ಕಾಲಾಳು ಹೇಳಿದ್ದೂ ಸುಳ್ಳಲ್ಲ, ಆ ಎರಡು ಸೆಕೆಂಡಿನ ನಡುಕ ನನಗೂ ಬೇಕು. ಯಾರಾದರೂ ಬದಿಯಡ್ಕ ಪೇಟೆಯಲ್ಲಿ ಆದಿತ್ಯವಾರ ಮಧ್ಯಾಹ್ನ ಮೇಲೆ ಬೋರ್ಡಿಗೆ ಸಿಗುತ್ತೀರಾ? ಬ್ಲಿಟ್ಸೇ ಆಡೋಣ, ಆದರೆ ಪ್ರತಿ ಆಟ ಆದ ಮೇಲೆ ಎಲ್ಲಿ ತಪ್ಪಿತು ಅಂತ ಮಾತಾಡದೆ ಮುಂದಿನದು ಶುರು ಮಾಡುವಂತಿಲ್ಲ.

ಕುಂಬಳೆ_ಕಾಲಾಳು

ಬರುತ್ತೇನೆ. ಗಡಿಯಾರ ನನ್ನದಿದೆ. ಮಾತಾಡುವ ಷರತ್ತು ನಾನು ಗೆದ್ದ ಆಟಕ್ಕೂ ಉಂಟಾ?

ಉಪ್ಪಳ_ರೈಲ್ವೆಗೇಟ್

ನಾನೂ ಬರುತ್ತೇನೆ, ಮಗಳನ್ನು ಕರೆದುಕೊಂಡು. ನಾಲ್ಕೂವರೆಯ ಬಸ್ಸಿಗೆ ವಾಪಸ್ ಹೋಗಬೇಕು, ಹಾಗಾಗಿ ಎರಡು ಗಂಟೆಗೆ ಸರಿಯಾಗಿ ಶುರು ಮಾಡಿ.